ಕಂಬ ತಟ್ಟುವವರ ಜೊತೆ ಒಂದು ಸುತ್ತು

ಬಸ್ ನಿಲ್ದಾಣದಿಂದ ಹೊರಬಂದು ಮಾರುಕಟ್ಟೆ ರಸ್ತೆಗೆ ತಿರುಗಿದರೆ ಎಡಕ್ಕೆ ಪುರಸಭೆಯ ವಾಣಿಜ್ಯ ಮಳಿಗೆ. ಕೆಳಗೆ ಸಾಲು ಅಂಗಡಿಗಳು, ಮೇಲೊಂದು ಮಹಡಿ, ಅದರ ಮೇಲೆ ತಾರಸಿ. ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಇಂಥ ಕಟ್ಟಡ ಇಲ್ಲದ ಊರು ಕಡಿಮೆ. ಊರಿನ ಹೆಸರನ್ನು ಬರೆಯುತ್ತಿಲ್ಲ, ಯಾಕೆಂದರೆ ಇಲ್ಲಿ ಕಂಡದ್ದು ಈ ಒಂದೇ ಊರಿನ ಸಂಗತಿಯಲ್ಲ. ಪುರಸಭೆ ಹೊರಗಿನಿಂದ ಗೊತ್ತುಮಾಡಿದ ಸ್ಟ್ರಕ್ಚರಲ್ ಎಂಜಿನಿಯರುಗಳ ತಂಡ ಈ ಕಟ್ಟಡವನ್ನು ಪರೀಕ್ಷಿಸುತ್ತಿತ್ತು. ಅವರ ಜೊತೆ ಸುತ್ತಾಡಲು ಅನುಮತಿ ಕೇಳಿದ್ದೆ. ಅವರು ಏನೇನು ನೋಡುತ್ತಾರೆ, ಅವರನ್ನು ಪುರಸಭೆ ಹೇಗೆ ಆರಿಸಿತು ಎಂಬ ಎರಡನ್ನೂ ತಿಳಿಯಬೇಕಿತ್ತು.

ಮುಂದಿನಿಂದ ನೋಡಿದರೆ ಕಟ್ಟಡಕ್ಕೆ ಏನೂ ಆದಂತೆ ಕಾಣುವುದಿಲ್ಲ. ಬಣ್ಣ ಹೊಡೆದು ಬಹಳ ದಿನವಾದಂತಿಲ್ಲ. ಅಂಗಡಿಗಳ ಫ್ಲೆಕ್ಸ್ ಬೋರ್ಡುಗಳು ಮುಂಭಾಗದ ತೊಲೆಯನ್ನು ಪೂರ್ತಿ ಮುಚ್ಚಿವೆ. ತಂಡದ ಮುಖ್ಯಸ್ಥೆ, ನಡುವಯಸ್ಸಿನ ಎಂಜಿನಿಯರ್, ಮೊದಲು ಮಾಡಿಸಿದ ಕೆಲಸವೇ ಎರಡು ಬೋರ್ಡು ಇಳಿಸಿದ್ದು. "ಬಣ್ಣ ಹೊಡೆದ ಕಡೆ ಸಣ್ಣ ಬಿರುಕು ಮುಚ್ಚಿಹೋಗಿರುತ್ತೆ. ಬೋರ್ಡಿನ ಹಿಂದೆ ಯಾರೂ ಬಣ್ಣ ಹೊಡೆಯಲ್ಲ. ಅಲ್ಲಿ ನೋಡಬೇಕು" ಎಂದರು. ನೋಡಿದರೆ ತೊಲೆಯ ಅಡಿಯಲ್ಲಿ ಉದ್ದಕ್ಕೂ ಒಂದು ಬಿರುಕು. ಒಳಗಿನ ಕಬ್ಬಿಣದ ಗುಂಟ ಸಾಗುವ ಬಿರುಕು ಸಾಮಾನ್ಯವಾಗಿ ತುಕ್ಕಿನಿಂದ ಬಂದದ್ದು, ತೊಲೆಗೆ ಅಡ್ಡಲಾಗಿ ಅಥವಾ ಕಂಬದ ಹತ್ತಿರ ಓರೆಯಾಗಿ ಬಂದದ್ದು ಭಾರದಿಂದ ಆಗಿರಬಹುದು ಎಂದು ತೋರಿಸುತ್ತ ಹೋದರು. ಸ್ವಲ್ಪ ಮುಂದೆ ಇನ್ನೊಂದು ಗೀಟು ಕಂಡು ಅದು ಯಾವ ಬಗೆಯದೆಂದು ಕೇಳಿದೆ. ಅದು ಗಾರೆಯಲ್ಲಿ ಮಾತ್ರ ಇದೆಯೋ ಕಾಂಕ್ರೀಟಿನವರೆಗೂ ಹೋಗಿದೆಯೋ ಕೆರೆದು ನೋಡದೆ ಹೇಳಲಾರೆ ಎಂದರು. ಅವರ ಸಹಾಯಕ ಅದರ ಪಕ್ಕ ಸೀಮೆಸುಣ್ಣದಲ್ಲಿ ಒಂದು ಸಂಖ್ಯೆ ಬರೆದು ಫೋಟೊ ತೆಗೆದುಕೊಂಡ.

ಅಲ್ಲಿಂದ ಮೂಲೆಯ ಕಿರಾಣಿ ಅಂಗಡಿಯ ಒಳಕ್ಕೆ ಹೋದೆವು. ಬೇಳೆ ಮೂಟೆಗಳನ್ನು ಪಕ್ಕಕ್ಕೆ ಸರಿಸಿ ಒಂದು ಕಂಬದ ಬುಡ ಬಿಡಿಸಿಕೊಂಡರು. ಮೊದಲು ಸಾಮಾನ್ಯ ಸುತ್ತಿಗೆ. ತೆಂಗಿನಕಾಯಿ ತಟ್ಟಿ ಆರಿಸುವವರಂತೆ ಕಿವಿಗೊಟ್ಟು ತಟ್ಟುತ್ತ ಕೆಳಗಿನಿಂದ ಮೇಲಕ್ಕೆ ಹೋದರು. ಒಂದು ಎತ್ತರದಲ್ಲಿ ಸದ್ದು ಬದಲಾಯಿತು. ಗಟ್ಟಿ ಸದ್ದು ಹೋಗಿ ಡಬ್ ಎಂಬ ಪೊಳ್ಳು ಸದ್ದು ಬಂತು. ಅದು ನನ್ನ ಕಿವಿಗೂ ಗೊತ್ತಾಯಿತು. ಹೊರಪದರ ಒಳಗಿನಿಂದ ಬಿಟ್ಟುಕೊಂಡಿದೆ ಎಂದು ಅದರ ಅರ್ಥವಂತೆ.

ಆಮೇಲೆ ರೀಬೌಂಡ್ ಹ್ಯಾಮರ್ ಹೊರಬಂತು. ಕೊಳವೆಯಂಥ ಉಪಕರಣ, ಒಳಗೆ ಸ್ಪ್ರಿಂಗ್. ಕಾಂಕ್ರೀಟಿಗೆ ಒತ್ತಿದಾಗ ಒಳಗಿನ ತೂಕ ಬಡಿದು ಹಿಂದಕ್ಕೆ ಚಿಮ್ಮುತ್ತದೆ. ಎಷ್ಟು ಚಿಮ್ಮಿತು ಎಂಬ ಅಂಕಿಯಿಂದ ಮೇಲ್ಮೈ ಎಷ್ಟು ಗಟ್ಟಿ ಎಂದು ಅಂದಾಜು ಮಾಡುತ್ತಾರೆ. ಇದೊಂದನ್ನೇ ನಂಬಿ ಕಟ್ಟಡದ ಬಲ ಹೇಳಬಾರದು ಎಂಬುದನ್ನು ಅವರು ಒತ್ತಿ ಹೇಳಿದರು. ಹಿಂದೆ ಜಾರಿಯಲ್ಲಿದ್ದ 1992ರ ಐಎಸ್ 13311 ಎಂಬ ಭಾರತೀಯ ಮಾನಕವೇ ಇದರ ಅಂದಾಜಿನಲ್ಲಿ ಶೇ 25ರಷ್ಟು ಹೆಚ್ಚುಕಡಿಮೆ ಆಗಬಹುದು ಎಂದು ಬರೆದಿತ್ತು. ಹಳೆಯ ಕಾಂಕ್ರೀಟಿನ ಮೇಲ್ಪದರ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಗಡುಸಾಗಿರುವುದರಿಂದ ಅಂಕಿ ಇರಬೇಕಾದ್ದಕ್ಕಿಂತ ಹೆಚ್ಚೇ ಬರುತ್ತದೆ. ಅಂದರೆ ಹಳೆಯ ಕಟ್ಟಡಕ್ಕೆ ಈ ಒಂದೇ ಪರೀಕ್ಷೆ ಮಾಡಿದರೆ, ಕಟ್ಟಡ ತನ್ನ ನಿಜವಾದ ಬಲಕ್ಕಿಂತ ಗಟ್ಟಿಯಾಗಿ ಕಾಣುವ ಅಪಾಯವಿದೆ.

ಅದಕ್ಕೇ ಎರಡನೆಯ ಉಪಕರಣ. ಕಂಬದ ಒಂದು ಮುಖಕ್ಕೆ ಒಂದು ಬಿಲ್ಲೆ, ಎದುರು ಮುಖಕ್ಕೆ ಇನ್ನೊಂದು. ಒಂದು ಕಡೆಯಿಂದ ಶ್ರವಣಾತೀತ ತರಂಗ ಹೊರಟು ಇನ್ನೊಂದು ಕಡೆ ತಲುಪಲು ಎಷ್ಟು ಹೊತ್ತು ಹಿಡಿಯಿತು ಎಂದು ಪೆಟ್ಟಿಗೆ ತೋರಿಸುತ್ತದೆ. ಒಳಗೆ ಒತ್ತಾಗಿ ತುಂಬಿದ ಕಾಂಕ್ರೀಟಿದ್ದರೆ ತರಂಗ ಬೇಗ ದಾಟುತ್ತದೆ. ಟೊಳ್ಳು, ಬಿರುಕು, ಸರಿಯಾಗಿ ಕೂರದ ಜಲ್ಲಿ ಇದ್ದರೆ ಬಳಸಿಕೊಂಡು ಬರಬೇಕಾಗಿ ನಿಧಾನ ಆಗುತ್ತದೆ. ವೇಗ ಸೆಕೆಂಡಿಗೆ 3.5 ಕಿಲೋಮೀಟರ್ ಮೀರಿದರೆ ಗುಣಮಟ್ಟ ಒಳ್ಳೆಯದು ಎಂದು ಅದೇ ಹಳೆಯ ಮಾನಕ ಹೇಳಿತ್ತು. 3 ಕಿಲೋಮೀಟರಿಗಿಂತ ಕಡಿಮೆ ಬಂದರೆ ಅನುಮಾನಪಡಬೇಕು ಎಂದಿತ್ತು. ಈ ಕಂಬದ ಮೇಲ್ಭಾಗ ಚೆನ್ನಾಗಿತ್ತು, ಬುಡದ ಹತ್ತಿರ ಅಂಕಿ ಇಳಿಯಿತು. ಕಂಬ ಹಾಕುವಾಗ ಕಾಂಕ್ರೀಟನ್ನು ಎತ್ತರದಿಂದ ಸುರಿದರೆ ಜಲ್ಲಿ ಕೆಳಗೆ ಗುಂಪುಗೂಡಿ ಹೀಗಾಗುವುದುಂಟು. ಇಲ್ಲಿ ಆದದ್ದೂ ಅದೇನಾ ಎಂದರೆ ಅವರು ಹೌದು ಎನ್ನಲಿಲ್ಲ. ಬುಡದಲ್ಲಿ ತೇವವೂ ಇತ್ತು, ಅದರಿಂದ ತುಕ್ಕು ಹಿಡಿದು ಒಳಗೆ ಬಿರುಕು ಬಿಟ್ಟಿದ್ದರೂ ಅಂಕಿ ಇಳಿಯಬಹುದಿತ್ತು.

ಪೊಳ್ಳು ಸದ್ದು ಬಂದ ಮೂಲೆಯನ್ನು ಉಳಿಯಿಂದ ಒಡೆದರು. ಬಿಚ್ಚಿಕೊಂಡ ಹೊಸ ಮುಖಕ್ಕೆ ಪುಟ್ಟ ಬಾಟಲಿಯಿಂದ ಬಣ್ಣವಿಲ್ಲದ ದ್ರವ ಚಿಮುಕಿಸಿದರು. ಶಾಲೆಯ ಪ್ರಯೋಗಾಲಯದಲ್ಲಿ ಕಂಡಿದ್ದ ಫಿನಾಲ್ಫ್ತಲೀನ್. ಒಳಭಾಗ ಕೂಡಲೇ ಗುಲಾಬಿಯಾಯಿತು, ಅಂಚಿನ ಒಂದು ಪಟ್ಟಿ ಬಣ್ಣ ಬರದೆ ಹಾಗೇ ಉಳಿಯಿತು. ಹೊಸ ಕಾಂಕ್ರೀಟ್ ತೀರ ಕ್ಷಾರಗುಣದ್ದು, ಪಿಎಚ್ 12ಕ್ಕೂ ಹೆಚ್ಚು. ಆ ಕ್ಷಾರವೇ ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ಕಾಯುತ್ತದೆ. ವರ್ಷಗಳು ಕಳೆದಂತೆ ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಗೆ ಇಳಿಯುತ್ತ ಕ್ಷಾರವನ್ನು ಕಳೆಯುತ್ತ ಬರುತ್ತದೆ. ಬಣ್ಣ ಬರದ ಪಟ್ಟಿಯೆಂದರೆ ಕಾವಲು ಕಳೆದುಕೊಂಡ ಜಾಗ. ಅದು ಕಬ್ಬಿಣದವರೆಗೆ ತಲುಪಿದ್ದರೆ, ಜೊತೆಗೆ ನೀರೂ ಸಿಕ್ಕರೆ ತುಕ್ಕು ಶುರು. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಕೇಳುವುದರಿಂದ ಒಳಗಿನಿಂದಲೇ ಕಾಂಕ್ರೀಟನ್ನು ಒಡೆದು ಹಾಕುತ್ತದೆ.

ಕಬ್ಬಿಣದ ಮೇಲೆ ಇರುವ ಕಾಂಕ್ರೀಟಿನ ದಪ್ಪವನ್ನು ಎಂಜಿನಿಯರುಗಳು 'ಕವರ್' ಎನ್ನುತ್ತಾರೆ. ಈ ಕಟ್ಟಡ ಕಟ್ಟಿದ ಕಾಲಕ್ಕೆ ಜಾರಿಯಲ್ಲಿದ್ದ 1978ರ ಐಎಸ್ 456 ಛಾವಣಿಯ ಹಲಗೆಗೆ, ಅಂದರೆ ಸ್ಲ್ಯಾಬಿಗೆ, 15 ಮಿಲಿಮೀಟರ್ ಕವರ್ ಸಾಕೆಂದಿತ್ತು. 2000ದ ಪರಿಷ್ಕರಣೆ ಅದನ್ನು ಕನಿಷ್ಠ 20 ಮಿಲಿಮೀಟರಿಗೂ, ಪರಿಸರ ಕಠಿಣವಾದಂತೆ 30, 45ಕ್ಕೂ ಏರಿಸಿತು. ಆರ್‌ಸಿಸಿಗೆ, ಅಂದರೆ ಕಬ್ಬಿಣ ಸೇರಿಸಿದ ಕಾಂಕ್ರೀಟಿಗೆ, ಬೇಕಾದ ಕನಿಷ್ಠ ಬಲದ ದರ್ಜೆ ಎಂ15 ಇದ್ದದ್ದು ಎಂ20 ಆಯಿತು. ಹಾಗೆಂದ ಮಾತ್ರಕ್ಕೆ ಹಳೆಯ ಕಟ್ಟಡವೆಲ್ಲ ಕೆಟ್ಟದ್ದಲ್ಲ. ಆದರೆ ಅದರ ರಕ್ಷಣೆಯ ಪದರ ತೆಳು, ಸೋರಿಕೆಗೆ ಅದು ಬೇಗ ಸೋಲುತ್ತದೆ.

ಮೆಟ್ಟಿಲು ಹತ್ತಿದೆವು. ಮೊದಲ ಮಹಡಿಯಲ್ಲಿ ಕಚೇರಿಗಳಿಗೆಂದು ಕಟ್ಟಿದ ಕೋಣೆಗಳು. ಈಗ ಅವುಗಳಲ್ಲಿ ಕೆಲವು ಗೋದಾಮುಗಳು. ಒಂದರ ಬಾಗಿಲು ತೆಗೆಸಿದಾಗ ಅಕ್ಕಿ ಚೀಲಗಳ ರಾಶಿ ಹೆಚ್ಚುಕಡಿಮೆ ಆಳೆತ್ತರಕ್ಕಿತ್ತು. ಎಂಜಿನಿಯರ್ ಸುಮ್ಮನೆ ನಿಂತು ಲೆಕ್ಕ ಹಾಕಿದರು. ಐಎಸ್ 875ರ ಪ್ರಕಾರ ಚಿಲ್ಲರೆ ಅಂಗಡಿಯ ನೆಲ ಚದರ ಮೀಟರಿಗೆ ಸುಮಾರು 400 ಕಿಲೋ ಬಳಕೆಯ ಭಾರ ಹೊರುವಂತಿರಬೇಕು, ವಾಸದ ಕೋಣೆಗೆ ಅದರ ಅರ್ಧ ಸಾಕು. ಚದರ ಮೀಟರಿನಲ್ಲಿ 50 ಕಿಲೋದ ಎರಡೇ ಚೀಲ ಹಿಡಿದರೂ, ಹತ್ತು ಸಾಲು ಪೇರಿಸಿದರೆ 1,000 ಕಿಲೋ. ಬಾಡಿಗೆದಾರರು ಗಾಬರಿಯಾಗಿ "ಇಷ್ಟು ವರ್ಷ ಏನೂ ಆಗಿಲ್ವಲ್ಲ ಮೇಡಂ?" ಎಂದರು. "ಆಗಿಲ್ಲ ನಿಜ. ವಿನ್ಯಾಸದಲ್ಲಿ ಸ್ವಲ್ಪ ಹೆಚ್ಚಿನ ಬಲ ಇಟ್ಟಿರ್ತಾರೆ, ನೀವು ಅದನ್ನ ಖರ್ಚು ಮಾಡ್ತಾ ಇದೀರಿ. ಕಬ್ಬಿಣ ತುಕ್ಕು ಹಿಡೀತಾ ಬಂದ ಹಾಗೆ ಅದೂ ಕಡಿಮೆ ಆಗ್ತಾ ಬರುತ್ತೆ" ಎಂದರು. ಚೀಲಗಳನ್ನು ಗೋಡೆಯ ಪಕ್ಕ, ತೊಲೆಯ ಮೇಲೆ ಬರುವಂತೆ, ಎತ್ತರ ತಗ್ಗಿಸಿ ಇಡಲು ಅಲ್ಲೇ ಹೇಳಿದರು. ಅಂತಿಮ ವರದಿಗೆ ಕಾಯಬೇಕಿಲ್ಲದ ಸಲಹೆ ಅದು.

ಈ ಕಟ್ಟಡದ ಮೂಲ ನಕ್ಷೆ ಪುರಸಭೆಯಲ್ಲಿ ಸಿಕ್ಕಿಲ್ಲ. ಆದ್ದರಿಂದ ಒಳಗೆ ಎಷ್ಟು ಕಬ್ಬಿಣವಿದೆ, ಯಾವ ಗಾತ್ರದ್ದು ಎಂಬುದು ಕಾಗದದಿಂದ ತಿಳಿಯುವಂತಿಲ್ಲ. ತಂಡದ ಹುಡುಗನೊಬ್ಬ ತೊಲೆಯ ಮೇಲೆ ಕೈಪೆಟ್ಟಿಗೆಯೊಂದನ್ನು ಜಾರಿಸುತ್ತ, ಅದು ಪೀಪ್ ಎಂದಲ್ಲೆಲ್ಲ ಗೀಟು ಎಳೆಯುತ್ತಿದ್ದ. ಕಬ್ಬಿಣ ಪತ್ತೆಮಾಡುವ ಯಂತ್ರ. ಎಳೆದ ಗೀಟುಗಳು ಸೇರಿ ತೊಲೆಯ ಒಳಗಿನ ಕಬ್ಬಿಣದ ಜಾಲ ಮೆಲ್ಲನೆ ಹೊರಗೆ ಮೂಡಿತು. ಆ ಗೀಟುಗಳ ನಡುವೆ, ಕಬ್ಬಿಣ ತಾಗದಂತೆ, ಕೋರ್ ತೆಗೆಯುವ ಜಾಗ ಗುರುತಿಸಿದರು. ಕೋರ್ ಎಂದರೆ ಕೊರೆದು ತೆಗೆದ ಕಾಂಕ್ರೀಟಿನ ಕೊರಡು. ಪ್ರಯೋಗಾಲಯದಲ್ಲಿ ಅದನ್ನು ಒತ್ತಿ ಒಡೆದು ಬಲ ಅಳೆಯುತ್ತಾರೆ. ಮೂರಕ್ಕಿಂತ ಕಡಿಮೆ ಕೋರ್ ಪರೀಕ್ಷಿಸುವಂತಿಲ್ಲ ಎಂದು ಐಎಸ್ 456 ಹೇಳುತ್ತದೆ. ಅವುಗಳ ಸರಾಸರಿ ಬಲ ನಿಗದಿತ ಬಲದ ಶೇ 85 ಇರಬೇಕು, ಯಾವೊಂದೂ ಶೇ 75ಕ್ಕಿಂತ ಕೆಳಗಿಳಿಯಬಾರದು. ಕೊರೆಯುವ ಕೆಲಸ ಗದ್ದಲದ್ದು, ನೀರು ಚೆಲ್ಲುವುದು, ದುಬಾರಿ. ದರ ಇಳಿಸಬೇಕಾದವರು ಮೊದಲು ಕಡಿತ ಮಾಡುವುದು ಇದನ್ನೇ ಇರಬೇಕು ಎಂದು ನನಗೆ ಅನಿಸಿತು.

ತಾರಸಿಗೆ ಬಂದಾಗ ಸೋರಿಕೆಯ ಮೂಲ ಕಂಡಿತು. ಮಳೆನೀರಿನ ಕೊಳವೆಯ ಬಾಯಿಗೆ ಎಲೆ, ಪ್ಲಾಸ್ಟಿಕ್ ಕಟ್ಟಿಕೊಂಡಿವೆ. ಒಂದು ಮೂಲೆಯಲ್ಲಿ ನೀರು ನಿಂತ ಕಲೆ. ಅದರ ನೇರ ಕೆಳಗೇ ಶೌಚಾಲಯದ ಮೇಲ್ಛಾವಣಿಯ ಗಾರೆ ಉದುರಿ ಕಬ್ಬಿಣ ಕಾಣುತ್ತಿದ್ದುದನ್ನು ನಾವು ಬರುವಾಗಲೇ ನೋಡಿದ್ದೆವು. ಇನ್ನೊಂದು ಕಡೆ ಕಪ್ಪು ನೀರಿನ ಟ್ಯಾಂಕುಗಳು ಸಾಲಾಗಿ ಕೂತಿವೆ. 1,000 ಲೀಟರ್ ನೀರೆಂದರೆ ಒಂದು ಟನ್. ಅವು ಕಂಬದ ನೆತ್ತಿಯ ಮೇಲಿಲ್ಲ, ಎರಡು ತೊಲೆಗಳ ನಡುವೆ ಬರಿಯ ಹಲಗೆಯ ಮೇಲಿವೆ. ಹಿಂದಿನ ದುರಸ್ತಿಯಲ್ಲಿ ಸೋರಿಕೆ ತಡೆಯಲು ಹಾಕಿದ ಕಾಂಕ್ರೀಟಿನ ಪದರವೂ ಒಂದಿದೆ. ಅದರ ಕೆಳಗೆ ಅದಕ್ಕಿಂತ ಹಳೆಯ ಇನ್ನೊಂದು ಪದರ ಇದ್ದಂತಿತ್ತು. ಸೋರಿಕೆ ನಿಲ್ಲಿಸಲೆಂದು ಸುರಿದದ್ದೆಲ್ಲ ಭಾರವಾಗಿ ಉಳಿದಿದೆ.

ಕೆಳಗಿಳಿಯುವಾಗ ಮೆಟ್ಟಿಲ ಬಳಿ ನಾಲ್ಕಾರು ಅಂಗಡಿಯವರು ಕಾದಿದ್ದರು. ಹಿರಿಯರೊಬ್ಬರು ಎಲ್ಲರ ಪರವಾಗಿ ಕೇಳಿದರು: "ಮೇಡಂನೋರೇ, ಖಾಲಿ ಮಾಡಿಸ್ತಾರಾ?" ಎಂಜಿನಿಯರ್ ಉತ್ತರಿಸುವ ಹೊತ್ತಿಗೆ ನಾನು ಆ ಮುಖಗಳನ್ನು ನೋಡುತ್ತಿದ್ದೆ. ಮಳಿಗೆ ಖಾಲಿಯಾದರೆ ಅವರಿಗೆ ಹೊಟ್ಟೆಪಾಡಿನ ಪ್ರಶ್ನೆ. ಪುರಸಭೆಗೂ ಬಾಡಿಗೆ ಆದಾಯ ಹೋಗುತ್ತದೆ. "ಈಗಲೇ ಹೇಳಲು ಬರೋದಿಲ್ಲ ಯಜಮಾನ್ರೇ. ಎಲ್ಲ ಅಂಕಿ ಬಂದು, ಲೆಕ್ಕ ಮಾಡಿದ ಮೇಲೆ ಹೇಳ್ತೀವಿ. ಆ ಮೂಲೆ ಅಂಗಡಿಗೆ ಮಾತ್ರ ಇವತ್ತೇ ಆಸರೆಗೆ ಕಬ್ಬಿಣದ ಪ್ರಾಪ್ ಕೊಡಿಸಿ ಅಂತ ಬರೆದುಕೊಡ್ತೀನಿ" ಎಂದರು. ಅಂಗಡಿಯವರಿಗೆ ಸಮಾಧಾನ ಆಗಲಿಲ್ಲ. ಆದರೆ ಹೊರಗಿನವರು ಯಾಕೆ ಬೇಕು ಎಂಬುದು ಅಲ್ಲಿ ನನಗೆ ಸ್ಪಷ್ಟವಾಯಿತು. ಬಾಡಿಗೆ ವಸೂಲು ಮಾಡುವ ಕಚೇರಿಗೂ ಬಾಡಿಗೆ ಕೊಡುವ ಅಂಗಡಿಗೂ ಕಟ್ಟಡ ಗಟ್ಟಿಯಾಗಿದೆ ಎಂಬ ಉತ್ತರವೇ ಬೇಕು. ಆ ಆಸೆ ಇಲ್ಲದ ಒಬ್ಬರು ಕಟ್ಟಡವನ್ನು ನೋಡಬೇಕು.

ಅಲ್ಲಿಂದ ಪುರಸಭೆ ಕಚೇರಿಗೆ ನಡೆದುಹೋಗುವಷ್ಟೇ ದೂರ. ಎಂಜಿನಿಯರಿಂಗ್ ಶಾಖೆ ಎಂದರೆ ಒಂದು ಕೋಣೆ, ಎರಡು ಮೇಜು, ಗೋಡೆಯುದ್ದಕ್ಕೂ ಬಟ್ಟೆಯಲ್ಲಿ ಕಟ್ಟಿದ ಕಡತಗಳು. ಅಲ್ಲಿದ್ದ ಕಿರಿಯ ಎಂಜಿನಿಯರ್ ರಸ್ತೆ, ಚರಂಡಿ, ಕುಡಿಯುವ ನೀರಿನ ಕೊಳವೆ, ಕಟ್ಟಡ ಪರವಾನಗಿ ಎಲ್ಲವನ್ನೂ ನೋಡಬೇಕು. ಹಳೆಯ ಕಟ್ಟಡದ ಬಲ ಅಳೆಯುವುದು ಬೇರೆಯೇ ಪರಿಣತಿ, ಅದಕ್ಕೆ ಬೇಕಾದ ಉಪಕರಣಗಳನ್ನು ಸಣ್ಣ ಪುರಸಭೆ ಕೊಂಡಿಟ್ಟುಕೊಳ್ಳುವುದೂ ಕಷ್ಟ. ಹಾಗಾಗಿ ಸಲಹಾ ಸಂಸ್ಥೆಯನ್ನೋ ಎಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗವನ್ನೋ ಕರೆಯುವುದು ರೂಢಿ. ಅವರನ್ನು ಮನಸ್ಸಿಗೆ ಬಂದಂತೆ ಕರೆಯುವ ಹಾಗಿಲ್ಲ. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಇದಕ್ಕೂ ಅನ್ವಯ. ಸಿಮೆಂಟ್ ಕೊಳ್ಳುವಂತೆಯೇ ಪರಿಣತರ ಸೇವೆಯೂ ಕಾನೂನಿನ ಕಣ್ಣಿಗೆ ಒಂದು ಸಂಗ್ರಹಣೆ.

ಕಡತ ಬಿಚ್ಚಿ ಕಿರಿಯ ಎಂಜಿನಿಯರ್ ಮೊದಲು ತೋರಿಸಿದ್ದು ಕೆಲವು ವರ್ಷಗಳ ಹಿಂದಿನ ಒಂದು ಹಾಳೆ. ಇದೇ ಮಳಿಗೆ ಸುಭದ್ರವಾಗಿದೆ ಎಂಬ ಪ್ರಮಾಣಪತ್ರ. ಎಲ್ಲಿ ನೋಡಿದರು, ಯಾವ ಪರೀಕ್ಷೆ ಮಾಡಿದರು ಎಂಬ ಒಂದು ಸಾಲೂ ಅದರಲ್ಲಿಲ್ಲ. ಕೊಟ್ಟವರದಷ್ಟೇ ತಪ್ಪೆಂದು ನನಗೆ ಅನಿಸಲಿಲ್ಲ, ಯಾಕೆಂದರೆ ಅಂದಿನ ದರಪಟ್ಟಿ ಆಹ್ವಾನದಲ್ಲಿ ಕೇಳಿದ್ದೂ ಕಟ್ಟಡದ ಭದ್ರತೆಯ ಬಗ್ಗೆ ಪ್ರಮಾಣಪತ್ರ ಎಂಬಷ್ಟನ್ನೇ. ಕೇಳಿದ್ದು ಒಂದು ಹಾಳೆ, ಸಿಕ್ಕಿದ್ದೂ ಒಂದು ಹಾಳೆ.

ಈ ಸಲದ ಟೆಂಡರ್ ದಾಖಲೆ ಬೇರೆ ಥರ ಇದೆ. ಕೆಲಸದ ವ್ಯಾಪ್ತಿ ಎಂಬ ಭಾಗವೇ ಹಲವು ಪುಟ. ಮೂಲ ನಕ್ಷೆ ಇಲ್ಲದ್ದರಿಂದ ಅಳತೆ ತೆಗೆದು ಹೊಸ ನಕ್ಷೆ ಮಾಡಬೇಕು. ಯಾವ ಯಾವ ಮಹಡಿಯಲ್ಲಿ ಎಷ್ಟೆಷ್ಟು ಕಡೆ ಯಾವ ಪರೀಕ್ಷೆ, ಕನಿಷ್ಠ ಎಷ್ಟು ಕೋರ್, ತಳಪಾಯ ನೋಡಲು ಎಲ್ಲಿ ಗುಂಡಿ ತೋಡಬೇಕು ಎಂದು ಪಟ್ಟಿಯಿದೆ. ಈಗಿನ ಬಳಕೆಯ ಭಾರಕ್ಕೆ ಕಟ್ಟಡದ ಲೆಕ್ಕ ಮಾಡಿ ತೋರಿಸಬೇಕು. ಜೀವಕ್ಕೆ ಅಪಾಯವೆಂದು ಕಂಡದ್ದನ್ನು ವರದಿಗೆ ಕಾಯದೆ ಆಗಲೇ ಲಿಖಿತವಾಗಿ ತಿಳಿಸಬೇಕು. ಮೂಲೆ ಅಂಗಡಿಯ ಪ್ರಾಪ್ ವಿಷಯದಲ್ಲಿ ಆದದ್ದು ಈ ಕೊನೆಯ ಷರತ್ತಿನ ಪಾಲನೆ ಎಂದು ಆಗ ಗೊತ್ತಾಯಿತು. ನಾನು ಮಳಿಗೆಯಲ್ಲಿ ನೋಡಿಬಂದ ಪ್ರತಿಯೊಂದು ಪರೀಕ್ಷೆಯೂ ಈ ಹಾಳೆಗಳಲ್ಲಿ ಮೊದಲೇ ಇತ್ತು. ಇಲ್ಲಿ ಬರೆಯದೇ ಹೋಗಿದ್ದರೆ ಅಲ್ಲಿ ಯಾರೂ ಕೊರೆಯುತ್ತಿರಲಿಲ್ಲ.

ಆಯ್ಕೆಯ ಕ್ರಮವನ್ನು ಕಂಪ್ಯೂಟರಿನಲ್ಲಿ ತೋರಿಸಿದರು. ಬಿಡ್ ಎರಡು ಲಕೋಟೆಗಳಲ್ಲಿ ಬರುತ್ತದೆ. ಲಕೋಟೆ ಎನ್ನುವುದು ಹೆಸರಿಗೆ ಮಾತ್ರ, ಎಲ್ಲವೂ ಸರ್ಕಾರದ ಆನ್‌ಲೈನ್ ಪೋರ್ಟಲ್ ಮೂಲಕ. ಮೊದಲು ತಾಂತ್ರಿಕ ಲಕೋಟೆ: ಅನುಭವ, ಇಂಥದೇ ಕೆಲಸ ಮಾಡಿದ ದಾಖಲೆ, ಯಾರು ಸ್ವತಃ ಬಂದು ನೋಡುತ್ತಾರೆ, ಉಪಕರಣ ಯಾವುವು. ಅದರಲ್ಲಿ ತೇರ್ಗಡೆಯಾದವರ ಆರ್ಥಿಕ ಲಕೋಟೆ ಮಾತ್ರ ತೆರೆಯುತ್ತದೆ. ಆಮೇಲೆ ಎರಡು ದಾರಿ. ತೇರ್ಗಡೆಯಾದವರಲ್ಲಿ ಅತಿ ಕಡಿಮೆ ದರದವರಿಗೆ, ಅಂದರೆ ಎಲ್1ಗೆ, ಕೆಲಸ ಕೊಡುವುದು ಒಂದು. ಗುಣಮಟ್ಟ ಮತ್ತು ದರ ಎರಡಕ್ಕೂ ಪಾಲು ಇಟ್ಟು ಅಂಕ ಕೂಡಿಸುವುದು ಇನ್ನೊಂದು.

ಎರಡಕ್ಕೂ ಏನು ವ್ಯತ್ಯಾಸ ಎಂದು ತಿಳಿಯಲು ಅವರ ಮೇಜಿನ ಮೇಲೆ ಒಂದು ಕಾಲ್ಪನಿಕ ಲೆಕ್ಕ ಹಾಕಿದೆವು. ಒಬ್ಬರಿಗೆ ತಾಂತ್ರಿಕ ಅಂಕ 85, ದರ 6 ಲಕ್ಷ. ಇನ್ನೊಬ್ಬರಿಗೆ ಅಂಕ 70, ದರ 4.5 ಲಕ್ಷ. ಎಲ್1 ಪದ್ಧತಿಯಲ್ಲಿ ಎರಡನೆಯವರು ಗೆದ್ದರು. ಗುಣಕ್ಕೆ 70, ದರಕ್ಕೆ 30 ಪಾಲು ಇಟ್ಟರೆ ಕಡಿಮೆ ದರದವರಿಗೆ ದರದ ಅಂಕ 100, ಮೊದಲನೆಯವರಿಗೆ 75. ಕೂಡಿಸಿದರೆ ಮೊದಲನೆಯವರಿಗೆ 82, ಎರಡನೆಯವರಿಗೆ 79. ಆಯ್ಕೆ ತಿರುಗಿತು. ಹೆಚ್ಚು ಕೇಳಿದವರೆಲ್ಲ ಹೆಚ್ಚು ಬಲ್ಲವರಲ್ಲ ಎಂಬುದೂ ನಿಜ, ತಾಂತ್ರಿಕ ಅಂಕ ಕೊಡುವವರು ಪಕ್ಷಪಾತ ಮಾಡಿದರೆ ಈ ದಾರಿಯೂ ಕೆಡುತ್ತದೆ. ಅಂಕ ಯಾವುದಕ್ಕೆ ಎಷ್ಟು ಎಂದು ಮೊದಲೇ ಪ್ರಕಟಿಸಿರುವುದೇ ಅದಕ್ಕಿರುವ ತಡೆ.

ಹಣ ಕೊಡುವ ಬಗೆಯನ್ನೂ ಕೇಳಿದೆ. ದುರಸ್ತಿಯ ಅಂದಾಜು ವೆಚ್ಚದ ಶೇಕಡಾವಾರು ಶುಲ್ಕ ಇಟ್ಟಿದ್ದರೆ ದುರಸ್ತಿ ದೊಡ್ಡದಾದಷ್ಟೂ ಸಲಹೆಗಾರರಿಗೆ ಲಾಭ. ಇಲ್ಲಿ ಹಾಗಿಲ್ಲ, ನಿಗದಿತ ಮೊತ್ತ. ಅದೂ ಕಂತುಗಳಲ್ಲಿ: ಪರೀಕ್ಷೆ ಮುಗಿದಾಗ ಒಂದು ಪಾಲು, ಕರಡು ವರದಿಗೆ ಒಂದು ಪಾಲು, ಅಂತಿಮ ವರದಿಗೆ ಉಳಿದದ್ದು. ಪರೀಕ್ಷಿಸಿದವರು ಅದೇ ಕಟ್ಟಡದ ದುರಸ್ತಿ ಗುತ್ತಿಗೆಗೆ ಬಿಡ್ ಹಾಕುವಂತಿಲ್ಲ ಎಂಬ ಷರತ್ತೂ ಇದೆ. ಪ್ರಯೋಗಾಲಯದ ಮೂಲ ಅಂಕಿಗಳನ್ನು ವರದಿಯ ಜೊತೆ ಕೊಡಬೇಕು ಎಂಬ ಸಾಲು ನನಗೆ ಬಹಳ ಮುಖ್ಯ ಎನಿಸಿತು. ನಾಳೆ ಯಾರಿಗಾದರೂ ವರದಿಯ ತೀರ್ಮಾನ ಸರಿಯಿಲ್ಲವೆನಿಸಿದರೆ ಇನ್ನೊಬ್ಬರು ಆ ಅಂಕಿಗಳ ಮೇಲೆ ಮತ್ತೆ ಲೆಕ್ಕ ಮಾಡಬಹುದು.

ಹಳೆಯ ಕಟ್ಟಡವನ್ನು ಸಕಾಲಕ್ಕೆ ಸರಿಯಾಗಿ ನೋಡದಿದ್ದರೆ ತೆರುವ ಬೆಲೆ ನಮ್ಮ ರಾಜ್ಯಕ್ಕೆ ಗೊತ್ತಿದೆ. 2012ರ ಆಗಸ್ಟ್‌ನಲ್ಲಿ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. ಅದು ಅಂಗಡಿಗಳು ತುಂಬಿದ್ದ ಕಟ್ಟಡ. 2016ರ ಆಗಸ್ಟ್‌ನಲ್ಲಿ ಅದೇ ಊರಿನ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಆಮೇಲೆ ಉಳಿದದ್ದನ್ನು ಕೆಡವಬೇಕೋ ದುರಸ್ತಿ ಮಾಡಬೇಕೋ ಎಂಬ ವಾದ ವರ್ಷಗಟ್ಟಲೆ ನಡೆಯಿತು. ತಜ್ಞರಲ್ಲೇ ಒಮ್ಮತ ಇರಲಿಲ್ಲ. ಅವು ಇಟ್ಟಿಗೆ ಗಾರೆಯ ಹಳೆಯ ಕಟ್ಟಡಗಳು, ನಾನು ನೋಡಿದ್ದು ಆರ್‌ಸಿಸಿ ಕಟ್ಟಡ, ಕಾಯಿಲೆಗಳು ಬೇರೆ. ಆದರೆ ಪಾಠ ಒಂದೇ. ಒಂದು ಭಾಗ ಬಿದ್ದ ಮೇಲೆ ಕರೆಸಿದ ತಜ್ಞರ ಮುಂದೆ ಉಳಿಯುವ ದಾರಿಗಳು ಕಡಿಮೆ. ಬೀಳುವ ಮೊದಲು ಕರೆಸಿದರೆ ಚೀಲದ ರಾಶಿ ತಗ್ಗಿಸುವುದು, ಕೊಳವೆಯ ಬಾಯಿ ಬಿಡಿಸುವುದು, ಟ್ಯಾಂಕನ್ನು ಕಂಬದ ಮೇಲಕ್ಕೆ ಸರಿಸುವುದು ಮುಂತಾದ ಸಣ್ಣ ಖರ್ಚಿನ ದಾರಿಗಳೂ ಇರುತ್ತವೆ.

ಹೊರಡುವಾಗ ಕಚೇರಿಯ ಸೂಚನಾ ಫಲಕದ ಮುಂದೆ ನಿಂತು ಓದಿದೆ. ಆಸ್ತಿ ತೆರಿಗೆ, ಹರಾಜು, ನೀರಿನ ಬಾಕಿ ಎಲ್ಲ ಇತ್ತು. ಮಳಿಗೆಯ ಪರೀಕ್ಷೆಯ ಬಗ್ಗೆ ಏನೂ ಇರಲಿಲ್ಲ. ವರದಿ ಬಂದ ಮೇಲೆ ಹಾಕುತ್ತಾರೋ ಏನೋ, ಖಚಿತ ಉತ್ತರ ಸಿಗಲಿಲ್ಲ. ಈ ಇಡೀ ಸುತ್ತಿನಲ್ಲಿ ನನಗೆ ದೊಡ್ಡದಾಗಿ ಕಂಡ ಕೊರತೆ ಇದೇ. ಟೆಂಡರ್ ದಾಖಲೆಯಲ್ಲಿ ಎಲ್ಲ ಷರತ್ತೂ ಇವೆ, ವರದಿಯನ್ನು ಆ ಛಾವಣಿಯ ಕೆಳಗೆ ಕೂರುವವರಿಗೆ ತಿಳಿಸಬೇಕೆಂಬುದು ಮಾತ್ರ ಇಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್, ಜನರ ಮೇಲೆ ಪರಿಣಾಮ ಬೀರುವ ತೀರ್ಮಾನಗಳ ಮಾಹಿತಿಯನ್ನು ಅರ್ಜಿಗೆ ಕಾಯದೆ ತಾನಾಗಿ ಪ್ರಕಟಿಸಿ ಎನ್ನುತ್ತದೆ. ವರದಿ ಇಂಗ್ಲಿಷಿನಲ್ಲಿ, ಅಂಕಿಗಳ ಭಾಷೆಯಲ್ಲಿ ಬರುತ್ತದೆ. ಅದರ ಜೊತೆ ಎರಡು ಪುಟದ ಕನ್ನಡ ಸಾರಾಂಶವನ್ನೂ ಕೊಡಬೇಕು ಎಂದು ಕೆಲಸದ ವ್ಯಾಪ್ತಿಯಲ್ಲೇ ಸೇರಿಸಿದರೆ ಖರ್ಚು ಹೆಚ್ಚೇನೂ ಆಗದು. ಎಲ್ಲಿ ನೋಡಿದೆವು, ಎಲ್ಲಿ ನೋಡಲಾಗಲಿಲ್ಲ, ಯಾವ ಅಂಗಡಿಗೆ ಏನು ಅಪಾಯ, ಎಷ್ಟು ಭಾರ ಇಡಬಹುದು, ಯಾವಾಗ ಮತ್ತೆ ಪರೀಕ್ಷಿಸಬೇಕು ಎಂಬ ಐದು ಉತ್ತರ ಅದರಲ್ಲಿದ್ದರೆ ಸಾಕು.

ನಿಮ್ಮ ಊರಿನ ಪುರಸಭೆಯೂ ಒಂದಲ್ಲ ಒಂದು ದಿನ ಇಂಥ ಟೆಂಡರ್ ಕರೆಯುತ್ತದೆ. ಆಗ ಎಷ್ಟು ಲಕ್ಷಕ್ಕೆ ಕೊಟ್ಟರು ಎಂದು ಕೇಳುವ ಮೊದಲು ಏನನ್ನು ನೋಡಲು ಹೇಳಿದ್ದಾರೆ ಎಂದು ಕೇಳಿ. ವಾರ್ಡ್ ಸದಸ್ಯರನ್ನು ಕೇಳಿ, ಸಾಮಾನ್ಯ ಸಭೆಯ ನಡವಳಿ ಓದಿ. ಉತ್ತರ ಒಂದು ಸಾಲಿನದಾಗಿದ್ದರೆ ಬರುವ ವರದಿಯೂ ಒಂದು ಹಾಳೆಯದೇ ಆಗಿರುತ್ತದೆ. ಆ ಸಾಲನ್ನು ಟೆಂಡರ್ ತೆರೆಯುವ ಮುಂಚೆಯೇ ತಿದ್ದಿಸಬಹುದು.